ತೊಣ್ಣೂರಿನ ಕಲ್ಲಿಗೆ ಎರಡು ಸಂಖ್ಯೆ

ಬೆಳಗೊಳದಿಂದ ಮೇಲುಕೋಟೆಯವರೆಗೆ, ಅಲ್ಲಿಂದಾಚೆಗೆ ಕಿಕ್ಕೇರಿ ನಾಗಮಂಗಲಗಳವರೆಗೆ, ದೇಗುಲದ ಅಧಿಷ್ಠಾನದಲ್ಲಿಯೂ ಕೆರೆಯ ಏರಿಯ ಮೇಲೆಯೂ ಹೊಲದ ಬದುವಿನಲ್ಲಿಯೂ ಹರಡಿಕೊಂಡಿರುವ ಶಿಲಾಶಾಸನಗಳನ್ನು ಯಾವ ಕ್ರಮದಲ್ಲಿ ಜೋಡಿಸತಕ್ಕದ್ದೆಂಬ ಪ್ರಶ್ನೆಯು, ಅವುಗಳನ್ನು ಓದುವ ಪ್ರಶ್ನೆಗಿಂತ ಕಡಿಮೆ ಗಹನವಾದುದಲ್ಲ. ಒಂದೊಂದು ಶಾಸನಕ್ಕೂ ಊರು, ಕಾಲ, ಅರಸು, ದಾನಿ, ಲಿಪಿ ಎಂಬ ಹಲವು ಅಂಗಗಳುಂಟು. ಯಾವ ಅಂಗವನ್ನು ಹಿಡಿದು ಸಾಲುಗೊಳಿಸುವೆವೋ ಅದರಂತೆ ಚರಿತ್ರೆಯ ಮುಖವೇ ಬೇರೆಯಾಗಿ ತೋರುವುದು.

'ಎಪಿಗ್ರಾಫಿಯ ಕರ್ನಾಟಿಕ'ವನ್ನು ಸಂಪಾದಿಸಿದ ಬಿ. ಎಲ್. ರೈಸರು ತಾಲ್ಲೂಕನ್ನು ಆರಿಸಿಕೊಂಡರು. ಶ್ರೀರಂಗಪಟ್ಟಣದ ಶಾಸನಗಳು 1894ರ ಮೂರನೆಯ ಸಂಪುಟಕ್ಕೂ, ಕೃಷ್ಣರಾಜಪೇಟೆ ನಾಗಮಂಗಲಗಳವು 1898ರ ನಾಲ್ಕನೆಯದಕ್ಕೂ ಸೇರಿದುವು. ಪುಸ್ತಕವನ್ನು ಕೈಯಲ್ಲಿ ಹಿಡಿದು ಹೊರಟವನು ನೇರವಾಗಿ ಕಲ್ಲಿನ ಬಳಿಗೇ ಹೋಗಿ ನಿಲ್ಲಬಹುದಾದ ಈ ಏರ್ಪಾಡು ವಿವೇಕದ್ದೆಂದೇ ನನ್ನ ಮತ. ಆದರೆ ಕಾಲವನ್ನು ಅರಸುವವನಿಗೆ ಇದರಿಂದ ತೃಪ್ತಿಯಿಲ್ಲವಷ್ಟೆ. ಅವನಿಗಾಗಿ ಕಾಲಾನುಕ್ರಮದ ಪ್ರತ್ಯೇಕ ಪಟ್ಟಿಯನ್ನೂ ಅವರು ಒದಗಿಸಿದರು. ಪಾಠವನ್ನು ಅದಿದ್ದಲ್ಲಿಯೇ ಬಿಟ್ಟು ಸಂಖ್ಯೆಗಳನ್ನು ಮಾತ್ರ ಮರುಜೋಡಿಸುವ ಈ ಉಪಾಯವನ್ನೇ ಇಂದಿನ ಗಣಕಶಾಸ್ತ್ರವೂ ಸೂಚಿಯೆಂಬ ಹೆಸರಿನಿಂದ ಬಳಸುತ್ತಿದೆ.

ಕಾಲಾನುಕ್ರಮವೂ ಸುಲಭಸಾಧ್ಯವಲ್ಲ. ಶಕವರ್ಷವು ಸವೆದು 'ವಿಕಾರಿ ಸಂವತ್ಸರ'ವೆಂಬಷ್ಟು ಮಾತ್ರ ಉಳಿದಿರುವ ಒಂದು ಹೊಯ್ಸಳ ಶಾಸನವನ್ನು ಭಾವಿಸಿರಿ: ಅರವತ್ತು ವರ್ಷಗಳ ಚಕ್ರದಲ್ಲಿ ಅದು 1119ಕ್ಕೂ ಸಲ್ಲುವುದು, 1179ಕ್ಕೂ ಸಲ್ಲುವುದು, 1239ಕ್ಕೂ ಸಲ್ಲುವುದು, ಎಂದರೆ ವಿಷ್ಣುವರ್ಧನನ ಕಾಲಕ್ಕೂ, ಇಮ್ಮಡಿ ಬಲ್ಲಾಳನ ಕಾಲಕ್ಕೂ, ಸೋಮೇಶ್ವರನ ಕಾಲಕ್ಕೂ. ಅರಸನ ಹೆಸರನ್ನು ಆಶ್ರಯಿಸೋಣವೆಂದರೆ ಆ ವಂಶದಲ್ಲಿ ಬಲ್ಲಾಳರು ಮೂವರು, ನರಸಿಂಹರು ಮೂವರು. ರಾಬರ್ಟ್ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ 1896ರ ಪಂಚಾಂಗಗ್ರಂಥವೂ, ಸ್ವಾಮಿಕಣ್ಣು ಪಿಳ್ಳೆಯವರ 1922ರ ಕೋಷ್ಟಕಗಳೂ ತಿಥಿವಾರಗಳ ಹೊಂದಾಣಿಕೆಯಿಂದ ಇಂಥ ಅನೇಕ ಸಂದೇಹಗಳನ್ನು ಪರಿಹರಿಸಿದುವು. ತಿಥಿಯೂ ಇಲ್ಲದ ಕಡೆ ಅಕ್ಷರದ ರೂಪವೇ ಗತಿ.

ಅಂಗವನ್ನು ಹಿಡಿದು ಸಾಲುಗೊಳಿಸುವ ಈ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸಿದ ಪಶ್ಚಿಮದಲ್ಲಿ ಹಾಲೆರಿತ್‌ನ ರಂಧ್ರಪತ್ರಗಳು ಅಮೆರಿಕದ 1890ರ ಜನಗಣತಿಯನ್ನು ವಿಂಗಡಿಸಿದುವು. 1945ರಲ್ಲಿ ಫಾನ್ ನಾಯ್ಮನ್ ಎರಡು ಸಾಲುಗಳನ್ನು ಬೆಸೆಯುವ ವಿಧಾನವನ್ನೂ, 1961ರಲ್ಲಿ ಹೋರ್ ಶೀಘ್ರವಿಂಗಡಣೆಯನ್ನೂ ಕೊಟ್ಟರು. ನಮಗೆ ಇಲ್ಲಿ ಬೇಕಾದುದು ಸ್ಥಿರತೆಯೆಂಬ ಗುಣ: ಮೊದಲು ಕಾಲದಿಂದಲೂ ಅನಂತರ ಊರಿನಿಂದಲೂ ವಿಂಗಡಿಸಿದಲ್ಲಿ, ಒಂದೇ ಊರಿನ ಶಾಸನಗಳು ತಮ್ಮೊಳಗಣ ಕಾಲಕ್ರಮವನ್ನು ಕೆಡಿಸಿಕೊಳ್ಳಬಾರದು. ಬೆಸೆಯುವ ವಿಧಾನವನ್ನು ಎಚ್ಚರದಿಂದ ನಡೆಸಿದರೆ ಈ ಗುಣವು ಉಳಿಯುವುದು. ಶೀಘ್ರವಿಂಗಡಣೆಯ ಸಾಮಾನ್ಯ ರೂಪದಲ್ಲಿ ಅದಕ್ಕೆ ಭರವಸೆಯಿಲ್ಲ.

ತಾಲ್ಲೂಕೆಂಬ ಅಂಗವಾದರೋ ಕಲ್ಲಿಗೆ ಸಹಜವಾದುದಲ್ಲ, ಆಡಳಿತವು ಹೊರಿಸಿದುದು. 1939ರಲ್ಲಿ ಮೈಸೂರಿನಿಂದ ಮಂಡ್ಯ ಜಿಲ್ಲೆಯು ಬೇರ್ಪಟ್ಟಿತು; ಫ್ರೆಂಚ್ ರಾಕ್ಸ್ ಎಂಬ ಊರಿನ ಹೆಸರು ಪಾಂಡವಪುರವೆಂದಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1977ರಲ್ಲಿ ಹೊರತಂದ ಪರಿಷ್ಕೃತ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳು ಒಟ್ಟುಗೂಡಿದುವು. ನಾಗಮಂಗಲವು 1979ರ ಏಳನೆಯದಕ್ಕೆ ಹೋಯಿತು. ತೊಣ್ಣೂರಿನ ಕಲ್ಲು ಅಂಗುಲದಷ್ಟೂ ಕದಲದೆ, ರೈಸರಲ್ಲಿ ಶ್ರೀರಂಗಪಟ್ಟಣದ ಸಂಖ್ಯೆಯನ್ನೂ ಹೊಸ ಸಂಪುಟದಲ್ಲಿ ಪಾಂಡವಪುರದ ಸಂಖ್ಯೆಯನ್ನೂ ಪಡೆಯಿತು. ಹಳೆಯ ಪ್ರಬಂಧವೊಂದರ ಅಡಿಟಿಪ್ಪಣಿಯನ್ನು ನಂಬಿ ಹೊಸ ಸಂಪುಟವನ್ನು ತೆರೆದ ವಿದ್ಯಾರ್ಥಿಗೆ ಅಲ್ಲಿ ದೊರೆಯುವುದು ಬೇರೊಂದು ಊರಿನ ಬೇರೊಂದು ದಾನ. ಆದುದರಿಂದ ಬಲ್ಲವರು ಇಂದಿಗೂ ಎರಡು ಸಂಖ್ಯೆಗಳನ್ನೂ ಅಕ್ಕಪಕ್ಕದಲ್ಲಿ ಬರೆದು, ಅವುಗಳ ಮುಂದೆ ಊರಿನ ಹೆಸರನ್ನು ತಪ್ಪದೆ ನಮೂದಿಸುತ್ತಾರೆ.