ಒಂದೇ ಊರು, ಇಬ್ಬರು ಬಿಷಪರು

ಭಾರತದ ಕೆಥೋಲಿಕರೆಲ್ಲ ಒಂದೇ ಅಚ್ಚಿನಲ್ಲಿ ಎರಕಗೊಂಡವರೆಂದು ಹೊರಗಿನವರಾದ ನಾವು ಭಾವಿಸುತ್ತೇವೆ. ಅವರ ಮಹಾಧರ್ಮಪ್ರಾಂತಗಳ ನಕ್ಷೆ ಬೇರೆಯೇ ಕತೆ ಹೇಳುತ್ತದೆ.

1533ರಲ್ಲಿ ಗೋವಾ ಧರ್ಮಪ್ರಾಂತವಾದಾಗ ಅದರ ವ್ಯಾಪ್ತಿ ಆಫ್ರಿಕದ ದಕ್ಷಿಣ ತುದಿಯಿಂದ ಚೀನಾದವರೆಗೆ ಚಾಚಿತ್ತು. ಕಾಲು ಶತಮಾನದಲ್ಲಿ ಅದು ಮಹಾಧರ್ಮಪ್ರಾಂತವಾಯಿತು. ಕೊಚ್ಚಿ, ಮಲಾಕ್ಕಾಗಳು ಅದರ ಅಧೀನಕ್ಕೆ ಬಂದವು. ಅಲ್ಲಿಗೆ ಬಿಷಪರನ್ನು ಹೆಸರಿಸುವ ಹಕ್ಕು ಪೋರ್ಚುಗಲ್ ದೊರೆಯದು. ಆ ರಾಜ್ಯದ ಬಲ ಕುಂದಿದಂತೆ ರೋಮಿನ ಪೋಪರು ತಮ್ಮದೇ ಪ್ರತಿನಿಧಿಗಳನ್ನು ಕಳಿಸತೊಡಗಿದರು. ದೊರೆ ಮಾತ್ರ ಹಕ್ಕು ಬಿಡಲಿಲ್ಲ.

ಇದರ ಬಿಸಿ ತಟ್ಟಿದ್ದು ಮುಂಬಯಿಯ ಸಾಮಾನ್ಯ ಭಕ್ತರಿಗೆ. ಗೋವಾದ ಪಾದ್ರಿಗಳ ನಿಷ್ಠೆಯನ್ನು ಶಂಕಿಸಿದ ಇಂಗ್ಲಿಷರು 1720ರಲ್ಲಿ ಅವರನ್ನು ಹೊರಹಾಕಿ, ರೋಮಿನ ಪ್ರತಿನಿಧಿಯನ್ನು ಕರೆಸಿದರು. 1794ರಲ್ಲಿ ಕಂಪನಿ ಸರ್ಕಾರ ಊರಿನ ಇಗರ್ಜಿಗಳನ್ನು ಎರಡೂ ಬಣಗಳಿಗೆ ಹಂಚಿತು. ನಂಬಿಕೆ ಒಂದೇ, ಪೂಜೆ ಒಂದೇ, ವ್ಯಾಜ್ಯ ಅಧಿಕಾರದ್ದು. 1886ರಲ್ಲಿ ಪೋಪರಿಗೂ ದೊರೆಗೂ ಒಪ್ಪಂದವಾಗಿ ಮುಂಬಯಿ ಸಹ ಮಹಾಧರ್ಮಪ್ರಾಂತವಾಯಿತು. ಆದರೂ ಅಲ್ಲಿ ಇಬ್ಬಗೆಯ ಆಡಳಿತ ಕೊನೆಗೊಂಡದ್ದು 1928ರಲ್ಲಿ.

ಈಗ ನಮ್ಮ ದಕ್ಷಿಣ ಕನ್ನಡವನ್ನು ನೋಡೋಣ. ಲ್ಯಾಟಿನ್ ಕ್ರಮದಲ್ಲಿ ಪೂಜೆ ಸಲ್ಲಿಸುವ ಕೊಂಕಣಿ ಕೆಥೋಲಿಕರ ಮಂಗಳೂರು ಧರ್ಮಪ್ರಾಂತವು ಬೆಂಗಳೂರು ಮಹಾಧರ್ಮಪ್ರಾಂತದ ಅಡಿಯಲ್ಲಿದೆ. ಕೇರಳದಿಂದ ವಲಸೆ ಬಂದು ಕಾಡಂಚಿನಲ್ಲಿ ಕೃಷಿ ಹೂಡಿದವರದು ಸಿರಿಯನ್ ಪರಂಪರೆಯ ಪೂಜಾಕ್ರಮ. ಅವರಿಗಾಗಿ 1999ರಲ್ಲಿ ತಲಶ್ಶೇರಿ ಮಹಾಧರ್ಮಪ್ರಾಂತದಿಂದ ಬೇರ್ಪಡಿಸಿ ಬೆಳ್ತಂಗಡಿ ಧರ್ಮಪ್ರಾಂತವನ್ನು ರಚಿಸಲಾಯಿತು. ಇಲ್ಲೂ ಒಂದೇ ನೆಲದಲ್ಲಿ ಇಬ್ಬರು ಬಿಷಪರು. ಆದರೆ ಪೋಪರು ಒಬ್ಬರೇ, ಜಗಳವಿಲ್ಲ.

ಮುಂಬಯಿಯ ಗೆರೆಯನ್ನು ಎಳೆದದ್ದು ಅಧಿಕಾರದ ಹಟ. ಬೆಳ್ತಂಗಡಿಯದನ್ನು ಎಳೆದದ್ದು ಜನರ ಪರಂಪರೆ. ಗಡಿಗಳನ್ನು ಕಂಡಾಗಲೆಲ್ಲ ಅವುಗಳನ್ನು ಯಾರು, ಯಾರಿಗಾಗಿ ಎಳೆದರೆಂದು ನಾವು ಕೇಳಲೇಬೇಕು.