ಹಗ್ಗದ ಹಿಡಿತ ಯಾರ ಕೈಯಲ್ಲಿ?

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ ಇಂಗಲ್‌ಬರೋ ಎಂಬ ಬೆಟ್ಟವಿದೆ. ಅದರ ದಕ್ಷಿಣದ ಇಳಿಜಾರಿನಲ್ಲಿ ಫೆಲ್ ಬೆಕ್ ಎಂಬ ಸಣ್ಣ ಹೊಳೆ ಹುಲ್ಲುಗಾವಲಿನ ನಡುವೆ ಹರಿದು ಬಂದು, ಒಂದು ಕಡೆ ಇದ್ದಕ್ಕಿದ್ದಂತೆ ನೆಲದೊಳಕ್ಕೆ ಧುಮುಕುತ್ತದೆ. ಅಲ್ಲಿಂದ ತಳಕ್ಕೆ ಸುಮಾರು 98 ಮೀಟರ್. ತಳದಲ್ಲಿ ಸೂರ್ಯನ ಬೆಳಕು ಹನಿಯಷ್ಟೇ ಇಳಿಯುವ ಒಂದು ಬೃಹತ್ ಕಲ್ಲಿನ ಸಭಾಂಗಣ. ಉದ್ದ ನೂರು ಮೀಟರಿಗೂ ಹೆಚ್ಚು. ಈ ಬಾವಿಯ ಹೆಸರು ಗೇಪಿಂಗ್ ಗಿಲ್. ಇದನ್ನು ತೋಡಿದವರು ಯಾರೂ ಇಲ್ಲ, ನೀರೇ ತೋಡಿದೆ. ಶಹಾಬಾದ್ ಕಲ್ಲು ಹಾಸಿದ ಮನೆಗಳಲ್ಲಿ ಬೆಳೆದವರಿಗೆ ಸುಣ್ಣಕಲ್ಲು ಹೊಸದಲ್ಲ. ಹುಳಿ ಬಿದ್ದರೆ ಆ ನೆಲ ಕಲೆಗಟ್ಟುವಂತೆ, ಮಣ್ಣಿನ ಇಂಗಾಲಾಮ್ಲವನ್ನು ಹೀರಿಕೊಂಡ ಮಳೆನೀರು ಸುಣ್ಣಕಲ್ಲಿನ ಬಿರುಕುಗಳನ್ನು ಲಕ್ಷಾಂತರ ವರ್ಷ ಕರಗಿಸುತ್ತ ಇಂಥ ಪಾತಾಳಬಾವಿಗಳನ್ನು ಮಾಡುತ್ತದೆ. ಇವುಗಳಿಗೆ ಮನುಷ್ಯ ಇಳಿದ ಇತಿಹಾಸವನ್ನು ಸಾಮಾನ್ಯವಾಗಿ ಎದೆಗಾರಿಕೆಯ ಕಥೆಯೆಂದು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎದೆಗಾರಿಕೆ ಮೊದಲ ದಿನದಿಂದಲೂ ಇತ್ತು. ಇನ್ನೂರು ವರ್ಷಗಳಲ್ಲಿ ನಿಜವಾಗಿ ಬದಲಾದದ್ದು ಹಗ್ಗದ ಹಿಡಿತ. ಅದು ಬಾವಿಯ ದಡದಲ್ಲಿ ನಿಂತವರ ಕೈಯಿಂದ ಹಗ್ಗದಲ್ಲಿ ತೂಗುವವನ ಕೈಗೆ ಬಂತು. ಈ ಕ್ಷೇತ್ರದ ದೊಡ್ಡ ಗೆಲುವುಗಳೂ ದೊಡ್ಡ ದುರಂತಗಳೂ ಈ ಒಂದು ಬದಲಾವಣೆಯ ಸುತ್ತ ನಿಂತಿವೆ.

ಮೊದಮೊದಲು ಇಂಥ ಬಾವಿಗಳಿಗೆ ತಳವೇ ಇಲ್ಲವೆಂದು ಜನ ನಂಬಿದ್ದರು. ಡರ್ಬಿಶೈರ್‌ನ ಎಲ್ಡನ್ ಹೋಲ್ ಬಗ್ಗೆ 17ನೇ ಶತಮಾನದ ಕವಿ ಚಾರ್ಲ್ಸ್ ಕಾಟನ್, ಎಂಟುನೂರಕ್ಕೂ ಹೆಚ್ಚು ಗಜ ದಾರ ಬಿಟ್ಟರೂ ತಳ ಸಿಗಲಿಲ್ಲವೆಂದು ಬರೆದ. 18ನೇ ಶತಮಾನದಲ್ಲಿ ಜಾನ್ ಲಾಯ್ಡ್ ಎಂಬಾತ ಹಗ್ಗ ಕಟ್ಟಿಸಿಕೊಂಡು ಇಳಿದು ನೋಡಿದಾಗ ಆ ಆಳ ಅರವತ್ತು ಮೀಟರಿನ ಆಸುಪಾಸು ಎಂದು ತಿಳಿಯಿತು. ಇಳಿಬಿಟ್ಟ ದಾರ ತಳ ಮುಟ್ಟಿ ಸುರುಳಿಯಾಗುತ್ತಿದ್ದರೂ ಮೇಲಿನವರಿಗೆ ಅದು ಇನ್ನೂ ಇಳಿಯುತ್ತಲೇ ಇದ್ದಂತೆ ಭಾಸವಾಗಿರಬೇಕು. ಬಾವಿಗೆ ಬಿದ್ದ ಕೊಡಕ್ಕಾಗಿ ಪಾತಾಳಗರಡಿ ಇಳಿಬಿಟ್ಟವರಿಗೆ ಈ ಗೊಂದಲ ಚೆನ್ನಾಗಿ ಗೊತ್ತು: ಕೈಗೆ ಸಿಕ್ಕುವುದು ಹಗ್ಗದ ಭಾರ ಮಾತ್ರ, ತಳದ ಸುದ್ದಿಯಲ್ಲ. ಮೊರಾವಿಯಾದ 138 ಮೀಟರ್ ಆಳದ ಮಾತ್ಸೋಖಾ ಕಮರಿಗೆ 1723ರಲ್ಲಿ ಲಾಜರಸ್ ಶೋಪರ್ ಎಂಬ ಸನ್ಯಾಸಿ ಇಳಿದ. ಟ್ರಿಯೆಸ್ಟ್ ಪಟ್ಟಣಕ್ಕೆ ಕುಡಿಯುವ ನೀರು ಹುಡುಕುತ್ತಿದ್ದ ಲಿಂಡ್ನರ್ ಗಣಿ ಕಾರ್ಮಿಕರನ್ನು ಹಚ್ಚಿ, ಬಂಡೆಯ ಸಂದುಗಳನ್ನು ಅಗಲ ಮಾಡಿಸುತ್ತ, 1841ರಲ್ಲಿ ಟ್ರೆಬಿಚಿಯಾನೋ ಬಾವಿಯ ತಳ ಮುಟ್ಟಿದ. 329 ಮೀಟರ್ ಕೆಳಗೆ ನೆಲದಡಿಯ ನದಿ ಹರಿಯುತ್ತಿತ್ತು. ಆ ನೀರನ್ನು ಅಷ್ಟು ಮೇಲಕ್ಕೆತ್ತುವ ದಾರಿ ಆ ಕಾಲಕ್ಕೆ ಇರಲಿಲ್ಲ. ಆದರೂ ನೀರಿನ ಹುಡುಕಾಟದಿಂದ ಹುಟ್ಟಿದ ಆ ಆಳ ಹಲವು ದಶಕ ಜಗತ್ತಿನ ದಾಖಲೆಯಾಗಿ ಉಳಿಯಿತು.

ಗೇಪಿಂಗ್ ಗಿಲ್‌ನಲ್ಲಿ ಮೊದಲ ದಾಖಲಿತ ಪ್ರಯತ್ನ 1842ರದ್ದು. ಜಾನ್ ಬರ್ಕ್‌ಬೆಕ್ ಕಾಲುವೆ ತೋಡಿಸಿ ಹೊಳೆಯನ್ನು ಪಕ್ಕಕ್ಕೆ ತಿರುಗಿಸಿ, ಹಗ್ಗಕ್ಕೆ ಕಟ್ಟಿಸಿಕೊಂಡು ಇಳಿದ. ಸುಮಾರು 55 ಮೀಟರ್ ಕೆಳಗಿನ ಒಂದು ಕಟ್ಟೆಯವರೆಗೆ ತಲುಪಿ ಹಿಂತಿರುಗಿದ. ಆ ಕಟ್ಟೆಗೆ ಇಂದಿಗೂ ಅವನದೇ ಹೆಸರು. ಅರ್ಧ ದಾರಿಯಲ್ಲಿ ನಿಂತದ್ದಕ್ಕೆ ಅಂಜಿಕೆ ಕಾರಣವೆಂದರೆ ಅನ್ಯಾಯವಾಗುತ್ತದೆ. ಹಗ್ಗಕ್ಕೆ ಮೂಟೆಯಂತೆ ಕಟ್ಟಿಸಿಕೊಂಡವನು ನಿಲ್ಲಬೇಕೆಂದರೂ, ಇಳಿಯಬೇಕೆಂದರೂ, ಬಂಡೆಯ ಮೂಲೆಗೆ ಹಗ್ಗ ಉಜ್ಜುತ್ತಿದೆ ಎಂದು ಎಚ್ಚರಿಸಬೇಕೆಂದರೂ ಮೇಲಿನವರಿಗೆ ಕೂಗಿ ಹೇಳಬೇಕು. ಜಲಪಾತದ ಸದ್ದಿನಲ್ಲಿ ಆ ಕೂಗು ಮೇಲೆ ಮುಟ್ಟುವುದಿಲ್ಲ. 1895ರ ಆಗಸ್ಟ್ 1ರಂದು ಪ್ಯಾರಿಸಿನ ವಕೀಲ ಎದುವಾರ್-ಆಲ್ಫ್ರೆ ಮಾರ್ತೆಲ್ ಅದೇ ಬಾವಿಯ ತಳ ಮುಟ್ಟಿದಾಗ ಅವನ ಬಳಿ ಇದ್ದ ಹೊಸ ಸಾಮಾನು ಎರಡು: ನೂಲೇಣಿ ಮತ್ತು ಟೆಲಿಫೋನು. 1889ರಲ್ಲಿ ಫ್ರಾನ್ಸಿನ ಪಾದಿರಾಕ್ ಕಮರಿಗೆ ಇಳಿದು ನೆಲದಡಿಯ ನದಿಯನ್ನು ಕಂಡಿದ್ದ ಮಾರ್ತೆಲ್‌ಗೆ ಹಗ್ಗದಷ್ಟೇ ಮಾತೂ ಮುಖ್ಯವೆಂದು ತಿಳಿದಿತ್ತು. ಟೆಲಿಫೋನಿನ ತಂತಿ ಒಂದು ರೀತಿಯಲ್ಲಿ ಎರಡನೇ ಹಗ್ಗ. ಇಳಿಯುವವನ ಇಚ್ಛೆಯನ್ನು ಅದು ಮೇಲಕ್ಕೆ ಒಯ್ಯುತ್ತಿತ್ತು. ಮರುವರ್ಷ ಯಾರ್ಕ್‌ಶೈರ್ ರಾಂಬ್ಲರ್ಸ್ ಕ್ಲಬ್ಬಿನ ಎಡ್ವರ್ಡ್ ಕ್ಯಾಲ್ವರ್ಟ್ ರಾಟೆಗೆ ಕಟ್ಟಿದ ಆಸನದಲ್ಲಿ ಕುಳಿತು ಅದೇ ತಳಕ್ಕೆ ಇಳಿದ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಏಣಿಯನ್ನು ಹತ್ತಿ ಇಳಿದವನು ಸ್ವಂತ ಕೈಕಾಲುಗಳಿಂದಲೇ ಹೋದನಲ್ಲ, ಹಿಡಿತ 1895ರಲ್ಲೇ ಅವನದಾಯಿತಲ್ಲ? ಅರ್ಧ ಮಾತ್ರ ನಿಜ. ನೂರು ಮೀಟರ್ ನೂಲೇಣಿ ಹತ್ತುವಾಗ ತೋಳು ಸೋಲುತ್ತದೆ, ನೆನೆದ ಸೆಣಬಿನ ಏಣಿಯ ಭಾರ ಇನ್ನಷ್ಟು ಏರುತ್ತದೆ. ಆದ್ದರಿಂದ ಏಣಿಯ ಜೊತೆಗೆ ಮೇಲಿನವರು ಬಿಗಿಹಿಡಿದ ರಕ್ಷಣಾಹಗ್ಗವೂ ಇರಲೇಬೇಕು, ಅಂದರೆ ಮೇಲೊಂದು ತಂಡವೂ ಇರಲೇಬೇಕು. ಕೆಳಗೆ ಇನ್ನೊಂದು ಬಾವಿ ಸಿಕ್ಕರೆ ಅದರ ಬಾಯಲ್ಲಿ ಮತ್ತೊಂದು ತಂಡ. 1930ರ ದಶಕದಲ್ಲಿ ಫ್ರಾನ್ಸಿನ ರೋಬೇರ್ ದ ಜೋಲಿ ಉಕ್ಕಿನ ತಂತಿಗೆ ಹಗುರ ಲೋಹದ ಮೆಟ್ಟಿಲು ಜೋಡಿಸಿದ ಏಣಿಯನ್ನು ಬಳಕೆಗೆ ತಂದಾಗ ಹೊರೆ ಬಹಳ ಇಳಿಯಿತು; ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುವ ಹಾಗಾಯಿತು. ಗ್ರೆನೋಬಲ್ ಬಳಿಯ ಗೂಫ್ರ್ ಬೆರ್ಜೆ 1956ರಲ್ಲಿ ಸಾವಿರ ಮೀಟರ್ ಆಳ ದಾಟಿದ ಮೊದಲ ಗುಹೆಯಾದದ್ದು ಇಂಥ ಏಣಿಗಳ ಮೇಲೆಯೇ. ನನ್ನ ವಾದಕ್ಕೆ ಇದು ಎದುರು ಸಾಕ್ಷಿಯಂತೆ ಕಾಣುತ್ತದೆ. ಆದರೆ 1953ರಲ್ಲಿ ಪತ್ತೆಯಾದ ಗುಹೆಯ ತಳ ಮುಟ್ಟಲು ನಾಲ್ಕು ಋತುಗಳು ಬೇಕಾದವು, ಸಾಮಾನು ಹೊರಲು ದೊಡ್ಡ ಪಡೆಯೇ ಬೇಕಾಯಿತು. ಏಣಿ ಆಳವನ್ನು ಕೊಟ್ಟಿತು, ಸಣ್ಣ ತಂಡಕ್ಕೆ ಸ್ವಾತಂತ್ರ್ಯವನ್ನು ಕೊಡಲಿಲ್ಲ.

ಇನ್ನೊಂದು ದಾರಿ ಯಂತ್ರದ್ದು. ಪಿರೆನೀಸ್ ಪರ್ವತದಲ್ಲಿ, ಫ್ರಾನ್ಸ್ ಮತ್ತು ಸ್ಪೇನ್ ಗಡಿಯ ಪಿಯೆರ್ ಸೇಂಟ್ ಮಾರ್ಟಿನ್ ಬಾವಿಯನ್ನು 1950ರಲ್ಲಿ ಜಾರ್ಜ್ ಲೆಪಿನೋ ಗುರುತಿಸಿದ. ಒಂದೇ ಪಟ್ಟಿಗೆ ಸುಮಾರು 320 ಮೀಟರ್ ಆಳ. ಅಷ್ಟು ಉದ್ದದ ಏಣಿ ಹತ್ತುವ ಮಾತೇ ಇಲ್ಲ. ಹಾಗಾಗಿ ವಿಂಚ್ ತಂದರು, ಉಕ್ಕಿನ ಸಪೂರ ತಂತಿಯಲ್ಲಿ ಒಬ್ಬೊಬ್ಬರನ್ನೇ ಇಳಿಸಿದರು. 1952ರ ಆಗಸ್ಟಿನಲ್ಲಿ ತಳದ ಕೆಲಸ ಮುಗಿಸಿದ ಮಾರ್ಸೆಲ್ ಲೂಬೆನ್ಸ್ ಮೇಲಕ್ಕೆ ಏರತೊಡಗಿದ. ನೆಲದಿಂದ ಹೆಚ್ಚು ದೂರ ಹೋಗಿರಲಿಲ್ಲ. ತಂತಿಯನ್ನು ಅವನ ನಡುಪಟ್ಟಿಗೆ ಹಿಡಿದಿದ್ದ ಬಿಗಿತ ಕಳಚಿತು, ಅವನು ಬಂಡೆಗಳ ಮೇಲೆ ಬಿದ್ದ. ಅಷ್ಟು ಗಾಯಗೊಂಡವನನ್ನು ಮೇಲೆತ್ತುವ ಉಪಾಯ ಸಿಗಲಿಲ್ಲ. ಒಂದೂವರೆ ದಿನ ಕಳೆಯುವಷ್ಟರಲ್ಲಿ ಅವನು ತೀರಿಕೊಂಡ. ಸಂಗಾತಿಗಳು ಅವನನ್ನು ಅಲ್ಲೇ ಮಣ್ಣು ಮಾಡಿ ಬಂದರು. ಶವ ಹೊರಗೆ ಬಂದದ್ದು 1954ರಲ್ಲಿ. ಲೂಬೆನ್ಸ್ ತನ್ನ ಕಾಲದ ಅತ್ಯಂತ ನುರಿತ ಗುಹಾಶೋಧಕರಲ್ಲಿ ಒಬ್ಬ. ಆ ಕ್ಷಣದಲ್ಲಿ ಅವನ ನುರಿತ ಕೈಗೆ ಮಾಡಲು ಏನೂ ಇರಲಿಲ್ಲ ಎಂಬುದೇ ಈ ಘಟನೆಯ ಸಂಕಟ. ಒಂದು ಬಿಗಿತ, ಒಂದು ತಂತಿ, ಮೇಲೊಂದು ಯಂತ್ರ. ಅವನ ಪಾಲಿಗೆ ಉಳಿದದ್ದು ನಂಬಿಕೆ ಮಾತ್ರ.

ಪರಿಹಾರದ ಬೀಜ ಅಷ್ಟರೊಳಗೆ ಬೇರೆಬೇರೆ ಕಡೆ ಬಿದ್ದಿತ್ತು. 1931ರಲ್ಲಿ ಆಸ್ಟ್ರಿಯಾದ ಕಾರ್ಲ್ ಪ್ರುಸಿಕ್ ಪ್ರಚಾರಕ್ಕೆ ತಂದ ಗಂಟು ಭಾರ ಬಿದ್ದಾಗ ಹಗ್ಗವನ್ನು ಕಚ್ಚುತ್ತಿತ್ತು, ಭಾರ ತೆಗೆದಾಗ ಮೇಲಕ್ಕೆ ಜಾರುತ್ತಿತ್ತು. 1930ರ ದಶಕದಲ್ಲೇ ಆಂರಿ ಬ್ರೆನೋ ಅದೇ ಕೆಲಸವನ್ನು ಲೋಹದ ಸಾಧನದಿಂದ ಮಾಡಿಸಿದ. ಪಿಯೆರ್ ಶೆವಾಲಿಯೆ ಮತ್ತು ಗೆಳೆಯರು ಆ ಸಾಧನವನ್ನೂ ನೈಲಾನ್ ಹಗ್ಗವನ್ನೂ ಬಳಸಿ ದಾಂ ದ ಕ್ರೋಲ್ ಬೆಟ್ಟದೊಳಗೆ ಯುದ್ಧದ ವರ್ಷಗಳಲ್ಲೂ ಬಿಡದೆ ಹುಡುಕಾಡಿ, 1947ರ ಹೊತ್ತಿಗೆ 658 ಮೀಟರ್ ಆಳ ಕಂಡರು. ಅವರ ಜೊತೆಗಿದ್ದ ಕುಶಲಕರ್ಮಿ ಫೆರ್ನಾಂ ಪೆಟ್ಜ್ಲ್ ಹೆಸರು ಇಂದು ಎಷ್ಟೋ ಬಂಡೆ ಹತ್ತುವವರ ನಡುಪಟ್ಟಿಯ ಮೇಲಿದೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಬಿಲ್ ಕಡಿಂಗ್ಟನ್ ಏಣಿಯನ್ನು ಪೂರ್ತಿ ಬಿಟ್ಟು ಒಂದೇ ಹಗ್ಗದಲ್ಲಿ ಇಳಿದು ಅದರಲ್ಲೇ ಹತ್ತುವುದನ್ನು ರೂಢಿಗೆ ತಂದ. 1958ರಲ್ಲಿ ಸ್ವಿಟ್ಜರ್ಲೆಂಡಿನ ಯೂಸಿ ಮತ್ತು ಮಾರ್ಟಿ ಎಂಬಿಬ್ಬರು ತಮ್ಮ ಹೆಸರುಗಳನ್ನು ಕೂಡಿಸಿ ಜುಮಾರ್ ಎಂಬ ಹಗ್ಗ ಕಚ್ಚುವ ಹಿಡಿಕೆ ತಯಾರಿಸಿದರು. ಇದೆಲ್ಲ ನೈಲಾನ್ ಮಾಡಿದ ಪವಾಡವೇ ಹೊರತು ಹಿಡಿತದ ಮಾತಲ್ಲ ಎಂದು ಯಾರಾದರೂ ವಾದಿಸಬಹುದು. ಕೊಳೆಯದ, ಹಗುರ, ಗಟ್ಟಿ ಹಗ್ಗವಿಲ್ಲದೆ ಇದು ಸಾಧ್ಯವಿರಲಿಲ್ಲ ಎಂಬುದು ನಿಜ. ಆದರೆ ನೈಲಾನ್ ಕೈಗೆ ಬಂದ ಮೇಲೂ ಯುರೋಪಿನ ಕ್ಲಬ್ಬುಗಳು ಇಪ್ಪತ್ತು ವರ್ಷ ಏಣಿಯನ್ನೇ ಹಿಡಿದು ಕೂತವು. ಆ ಹೊಸ ಹಗ್ಗವನ್ನು ಹಳೆಯ ರಕ್ಷಣಾಹಗ್ಗದ ಕೆಲಸಕ್ಕೇ ಹಚ್ಚಿದವು. ವಸ್ತು ಬದಲಾದರೆ ಸಾಲದು. ಹಗ್ಗವೇ ದಾರಿ, ಹೋಗುವವನೇ ಅದರ ಯಜಮಾನ ಎಂಬ ಎಣಿಕೆ ಮನಸ್ಸಿಗೆ ಬರಬೇಕಿತ್ತು.

ಆ ಎಣಿಕೆ ಎಂಥ ಬಾಗಿಲು ತೆರೆಯಿತು ಎಂಬುದಕ್ಕೆ ಮೆಕ್ಸಿಕೋದ ಸಾನ್ ಲೂಯಿಸ್ ಪೊತೊಸಿ ಪ್ರಾಂತದ ಗೊಲೊಂದ್ರಿನಾಸ್ ಸಾಕ್ಷಿ. ಅದರ ಬಾಯಿಯ ತಗ್ಗಿನ ಅಂಚಿನಿಂದಲೇ ತಳಕ್ಕೆ 333 ಮೀಟರ್. ನಮ್ಮ ಜೋಗದ 253 ಮೀಟರ್ ಅದರೊಳಗೆ ಮುಳುಗಿಹೋಗುತ್ತದೆ. ಬಾವಿ ಕೆಳಗೆ ಹೋದಂತೆ ಅಗಲವಾಗುವುದರಿಂದ ಇಳಿಯುವವನಿಗೆ ಯಾವ ಗೋಡೆಯೂ ಎಟುಕುವುದಿಲ್ಲ. 1966ರ ಡಿಸೆಂಬರ್ 27ರಂದು ಮೂವರು ಅಮೆರಿಕನ್ನರು ಅಲ್ಲಿ ಹಗ್ಗದಲ್ಲಿ ಇಳಿದು ಹಗ್ಗದಲ್ಲೇ ಮೇಲೆ ಬಂದರು. ವಿಂಚ್ ಇಲ್ಲ, ಏಣಿಯಿಲ್ಲ, ಎಳೆಯುವ ಪಡೆಯಿಲ್ಲ. ಇಷ್ಟು ಉದ್ದದ ಹಗ್ಗದಲ್ಲಿ ನಡೆಯುವ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಮೇಲ್ಗಡೆ ನಿಂತಾಗ ಕೆಳಗೆ ತೂಗುವ ಹಗ್ಗದ ಭಾರವೇ ಇಪ್ಪತ್ತು ಕಿಲೋಗೂ ಹೆಚ್ಚು. ಆ ಭಾರವೇ ಇಳಿಯುವ ಸಾಧನವನ್ನು ಬಿಗಿದುಬಿಡುವುದರಿಂದ ಮೊದಲ ಕೆಲವು ಮೀಟರ್ ಇಳಿಯಲು ಹಗ್ಗವನ್ನು ಕೈಯಿಂದ ಎತ್ತಿ ಎತ್ತಿ ಒಳಗೆ ಕೊಡಬೇಕು. ಇಳಿದಂತೆಲ್ಲ ಕೆಳಗಿನ ಭಾರ ಕಡಿಮೆಯಾಗುತ್ತದೆ, ವೇಗ ಏರುತ್ತದೆ, ಆಗ ಘರ್ಷಣೆ ಹೆಚ್ಚಿಸಬೇಕು. ಅದೇ 1966ರಲ್ಲಿ ಜಾನ್ ಕೋಲ್ ರೂಪಿಸಿದ ರ‍್ಯಾಕ್ ಈ ಕಷ್ಟಕ್ಕೇ ಹೇಳಿ ಮಾಡಿಸಿದಂತಿತ್ತು: ಉದ್ದನೆಯ ಲೋಹದ ಚೌಕಟ್ಟಿನಲ್ಲಿ ಅಡ್ಡಸರಳುಗಳು, ಒಂದು ಸೇರಿಸಿದರೆ ನಿಧಾನ, ಒಂದು ತೆಗೆದರೆ ವೇಗ. ಹತ್ತುವಾಗ ಎದೆಯ ಬಳಿ ಒಂದು ಹಿಡಿಕೆ, ಕೈಯಲ್ಲಿ ಕಾಲುಕುಣಿಕೆ ಕಟ್ಟಿದ ಇನ್ನೊಂದು. ಕುಳಿತು ಮೊಣಕಾಲು ಮಡಚಿ ಕೈಯ ಹಿಡಿಕೆಯನ್ನು ಮೇಲೆ ದೂಡುವುದು, ಕಾಲ ಮೇಲೆ ಎದ್ದು ನಿಲ್ಲುವುದು, ಎದೆಯ ಹಿಡಿಕೆ ಹಗ್ಗ ಕಚ್ಚಿದೊಡನೆ ಮತ್ತೆ ಕುಳಿತುಕೊಳ್ಳುವುದು. ಕಪ್ಪೆಯ ಈಜಿನಂತೆ ಕಾಣುವ ಈ ಏರುವಿಕೆಗೆ ಕಪ್ಪೆಯ ಹೆಸರೇ ಇದೆ. ತೋಳಿಗಿಂತ ತೊಡೆಗೆ ಕೆಲಸ, ಬೇಕಾದಲ್ಲಿ ವಿಶ್ರಾಂತಿ.

ಒಂದೇ ಹಗ್ಗವನ್ನು ನಂಬುವುದು ಹುಚ್ಚಲ್ಲವೇ ಎಂಬ ಪ್ರಶ್ನೆ ಗಂಭೀರವಾದದ್ದು. ಏಣಿಯವನಿಗೆ ಏಣಿ ಹರಿದರೆ ರಕ್ಷಣಾಹಗ್ಗವಿತ್ತು. ಇವನಿಗೆ ಹಗ್ಗ ಕಡಿದರೆ ಏನಿದೆ? ಭಾರ ಹೊತ್ತು ಕುಣಿಯುವ ಹಗ್ಗ ಬಂಡೆಯ ಅಂಚಿಗೆ ಉಜ್ಜಿದರೆ ಸವೆದೇ ಸವೆಯುತ್ತದೆ. ಗಾಯಗೊಂಡೋ ಸುಸ್ತಾಗಿಯೋ ನಡುಪಟ್ಟಿಯಲ್ಲಿ ಅಲುಗಾಡದೆ ತೂಗಿದರೆ ಅದರಿಂದಲೇ ಪ್ರಾಣಕ್ಕೆ ಅಪಾಯವಿದೆ. ಇವನ್ನೆಲ್ಲ ಅಲ್ಲಗಳೆಯಲಾಗದು. ಆದರೆ ಈ ಅಪಾಯಗಳ ಸ್ವಭಾವ ಬೇರೆ. ಯುರೋಪಿನವರು ಕಂಡುಕೊಂಡ ಮದ್ದು ಸರಳ: ಹಗ್ಗ ಎಲ್ಲಿ ಬಂಡೆಗೆ ತಾಗುತ್ತದೋ ಅಲ್ಲೊಂದು ಬೋಲ್ಟ್ ಹೊಡೆದು ಹಗ್ಗವನ್ನು ಮರಳಿ ಕಟ್ಟಿ, ಮುಂದಿನ ತುಂಡು ಗಾಳಿಯಲ್ಲೇ ತೂಗುವಂತೆ ಮಾಡುವುದು. ಆ ಜಾಗ ಎಲ್ಲಿದೆ ಎಂದು ಕಾಣುವುದು ಹಗ್ಗದಲ್ಲಿ ತೂಗುವವನಿಗೇ. ದಡದಲ್ಲಿ ನಿಂತವನಿಗೆ ಎಂದಿಗೂ ಕಾಣದು. ವಿಂಚ್ ಇಂದಿಗೂ ಸುರಕ್ಷಿತವಾಗಿ ನಡೆಯುತ್ತಿದೆಯಲ್ಲ ಎನ್ನುವವರ ಮಾತೂ ಸರಿ. ಗೇಪಿಂಗ್ ಗಿಲ್‌ನಲ್ಲಿ ಬ್ರಾಡ್‌ಫರ್ಡ್ ಮತ್ತು ಕ್ರೇವನ್ ಪಾಟ್‌ಹೋಲ್ ಕ್ಲಬ್ಬುಗಳು ವರ್ಷವರ್ಷವೂ, ಒಂದು ಮೇ ತಿಂಗಳ ಕೊನೆಗೆ, ಇನ್ನೊಂದು ಆಗಸ್ಟಿನಲ್ಲಿ, ಸಾಮಾನ್ಯ ಜನರನ್ನು ಆಸನದಲ್ಲಿ ಕೂರಿಸಿ ಇಳಿಸುತ್ತವೆ. ಹಗ್ಗ ಹಿಡಿಯಲಾಗದ ಹಿರಿಯರೂ ಆ ಸಭಾಂಗಣ ನೋಡುವಂತಾಗಿರುವುದು ದೊಡ್ಡ ಉಪಕಾರ. ಆದರೆ ಅದು ಗೊತ್ತಿರುವ ಬಾವಿಗೆ ಹಾಕಿದ ಲಿಫ್ಟು. ಗೊತ್ತಿಲ್ಲದ ಬಾವಿಯ ಮೂರನೇ ಮಜಲಿಗೆ ಅದನ್ನು ಹೊತ್ತೊಯ್ಯಲಾಗದು.

ಹಿಡಿತ ಕೈಗೆ ಬಂದ ಮೇಲೆ ಆಳದ ಲೆಕ್ಕವೇ ಬದಲಾಯಿತು. ಸ್ಲೊವೇನಿಯಾದಲ್ಲಿ 1996ರಲ್ಲಿ ಪತ್ತೆಯಾದ ವ್ರ್ತಿಗ್ಲಾವಿತ್ಸಾ ಬಾವಿ ಒಂದೇ ನೇರದಲ್ಲಿ 603 ಮೀಟರ್. ಅಬ್ಖಾಜಿಯಾದ ಕ್ರುಬೆರಾ ಗುಹೆ 2004ರಲ್ಲಿ ಎರಡು ಸಾವಿರ ಮೀಟರಿನ ಗೆರೆ ದಾಟಿತು. ನೆರೆಯ ವೆರ್ಯೋವ್ಕಿನಾ 2,200 ಮೀಟರಿಗೂ ಆಳ. ಆದರೂ ನೀರಿನ ಮೇಲೆ ಯಾರ ಹಿಡಿತವೂ ಇಲ್ಲ. 2018ರಲ್ಲಿ ವೆರ್ಯೋವ್ಕಿನಾದ ತಳದಲ್ಲಿದ್ದ ತಂಡದ ಬೆನ್ನಿಗೆ ನೆರೆ ಏರಿಬಂತು. ಕಟ್ಟಿಟ್ಟಿದ್ದ ಹಗ್ಗಗಳಲ್ಲಿ ಒಬ್ಬರ ಹಿಂದೊಬ್ಬರು ಹತ್ತಿ ಎಲ್ಲರೂ ಬದುಕಿದರು. ವಿಂಚ್ ಒಬ್ಬೊಬ್ಬರನ್ನೇ ಎತ್ತುವುದನ್ನು ಕಾಯಬೇಕಾಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ನೀರಿನ ಹಾದಿಯ ಅರಿವೂ ನಿಧಾನವಾಗಿ ಬೆಳೆಯಿತು. ಗೇಪಿಂಗ್ ಗಿಲ್‌ನೊಳಗೆ ಮುಳುಗಿದ ಫೆಲ್ ಬೆಕ್, ಬೆಟ್ಟದ ಬುಡದ ಇಂಗಲ್‌ಬರೋ ಗುಹೆಯ ಬಳಿ ಹೊರಬರುತ್ತದೆಂದು ಬಹುಕಾಲದಿಂದ ತಿಳಿದಿತ್ತು. ಮನುಷ್ಯ ಆ ದಾರಿಯನ್ನು ಈಜಿ ದಾಟಿದ್ದು 1983ರಲ್ಲಿ.

ಕರ್ನಾಟಕದ ಬಹುಭಾಗ ಗ್ರಾನೈಟು ಮತ್ತು ನೈಸ್ ಕಲ್ಲಿನದು. ನೀರಿಗೆ ಕರಗದ ಆ ಕಲ್ಲಿನಲ್ಲಿ ಇಂಥ ಬಾವಿಗಳಿಲ್ಲ. ಆದರೆ ಮೇಘಾಲಯದಲ್ಲಿವೆ. ಅಲ್ಲಿನ ಸುಣ್ಣಕಲ್ಲಿನ ಗುಹೆಗಳನ್ನು 1992ರಿಂದ ದೇಶವಿದೇಶದ ಸಣ್ಣ ತಂಡಗಳು ಬೇಸಿಗೆಗೆ ಮುಂಚೆ ಒಣಹವೆಯ ವಾರಗಳಲ್ಲಿ ಇಳಿದು ಅಳೆಯುತ್ತ ಬಂದಿವೆ. ಕ್ರೆಮ್ ಶ್ರಿಯೇ ಗುಹೆಯ ಬಾಯಿಯೇ 97 ಮೀಟರ್ ನೇರ ಬಾವಿ, ಗೇಪಿಂಗ್ ಗಿಲ್‌ಗೆ ಸರಿಸಾಟಿ. ಕ್ರೇನು, ವಿಂಚ್, ಕೂಲಿಯಾಳುಗಳ ಪಡೆ ಬೇಕಾಗಿದ್ದರೆ ಆ ನೂರಾರು ಕಿಲೋಮೀಟರ್ ಸುರಂಗಗಳ ನಕ್ಷೆ ಇಂದಿಗೂ ಬರಿದಾಗಿರುತ್ತಿತ್ತು. ಅದೇ ಬೆಟ್ಟಗಳಲ್ಲಿ ಸುಣ್ಣಕಲ್ಲು ಮತ್ತು ಕಲ್ಲಿದ್ದಲಿನ ಗಣಿಗಾರಿಕೆಯೂ ನಡೆದಿದೆ. ನಕ್ಷೆಗೆ ಬಾರದ ಗುಹೆ ಒಡೆದುಹೋದರೆ ಕೇಳುವವರಿರುವುದಿಲ್ಲ. ರಾಮನಗರದ ಬಂಡೆಗಳಲ್ಲಿ, ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ರಾಪೆಲಿಂಗ್, ಜುಮಾರ್ ಕಲಿತ ಕನ್ನಡದ ಹುಡುಗ ಹುಡುಗಿಯರು ಈಗ ನೂರಾರು ಮಂದಿ ಇದ್ದಾರೆ. ಅವರಲ್ಲಿ ಕೆಲವರಾದರೂ ಅನುಭವಿಗಳ ಬಳಿ ಗುಹೆಯ ಹಗ್ಗಗಾರಿಕೆ ಮತ್ತು ಅಳತೆ ಕಲಿತು, ಒಂದು ಫೆಬ್ರವರಿಯನ್ನು ಆ ಬೆಟ್ಟಗಳಿಗೆ ಕೊಡಲಿ. ಅಳೆಯಬೇಕಾದ ಬಾವಿಗಳು ಅಲ್ಲಿ ಇನ್ನೂ ಉಳಿದಿವೆ.