ಘಟಪ್ರಭಾ ಕಣಿವೆಯ ಆಡಳಿತ ಪಟ್ಟಣಗಳು: ಹುಕ್ಕೇರಿ, ಗೋಕಾಕ, ಕಲ್ಲೋಳಿ

ಆದಿಲಶಾಹಿ ವೈಭವ ನೋಡಬೇಕೆಂದವರು ವಿಜಯಪುರಕ್ಕೆ ಹೋಗುತ್ತಾರೆ. ರಟ್ಟ ಅರಸರ ಕುರುಹು ಬೇಕೆಂದವರು ಸವದತ್ತಿಗೆ, ಬೆಳಗಾವಿ ಕೋಟೆಯ ಕಮಲ ಬಸದಿಗೆ ಹೋಗುತ್ತಾರೆ. ಹುಕ್ಕೇರಿ, ಕಲ್ಲೋಳಿಗಳ ಹೆಸರು ಆ ಪಟ್ಟಿಯಲ್ಲಿ ಬರುವುದೇ ಅಪರೂಪ. ಗೋಕಾಕಕ್ಕೆ ಬಂದವರೂ ಜಲಪಾತ ನೋಡಿ, ಕರದಂಟು ಕಟ್ಟಿಸಿಕೊಂಡು ಮರಳುತ್ತಾರೆ. ಇಲ್ಲಿ ಯಾವ ಸುಲ್ತಾನನೂ ಪಟ್ಟವೇರಲಿಲ್ಲ, ನಿಜ. ಆದರೆ ಕಂದಾಯ ಕೂಡಿಸಿದ್ದು, ದಂಡು ಇರಿಸಿದ್ದು, ನೀರು ಹರಿಸಿದ್ದು, ದಾನಕ್ಕೆ ಕಲ್ಲು ಬರೆಸಿದ್ದು ಇಂಥ ಊರುಗಳಲ್ಲಿ. ರಾಜ್ಯವೊಂದು ದಿನನಿತ್ಯ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಅರಮನೆಗಿಂತ ಇವೇ ಗಟ್ಟಿ ಸಾಕ್ಷಿ ಎಂದು ನಾನು ವಾದಿಸುತ್ತೇನೆ.

ಹುಕ್ಕೇರಿಯಿಂದ ಆರಂಭಿಸಬಹುದು. ಬಹಮನಿ ರಾಜ್ಯ ಕುಸಿಯುತ್ತಿದ್ದಾಗ ಕೊಂಕಣ ಮತ್ತು ಈ ಸೀಮೆಯನ್ನು ಹಿಡಿದು ದಂಗೆಯೆದ್ದ ಬಹಾದೂರ್ ಗಿಲಾನಿ 1494ರಲ್ಲಿ ಹತನಾದ. ಈಗ ಹುಕ್ಕೇರಿ ತಾಲೂಕಿನಲ್ಲಿರುವ ಸಂಕೇಶ್ವರ ಅವನ ನೆಲೆಗಳಲ್ಲೊಂದು. ಮುಂದೆ ಈ ಭಾಗ ವಿಜಯಪುರದ ಅಧೀನಕ್ಕೆ ಬಂದು, ಹುಕ್ಕೇರಿ ದೊಡ್ಡ ಸರದಾರರ ಜಹಗೀರಿನ ಊರಾಯಿತು. ಆ ಜಹಗೀರಿನ ತೂಕ ಎಷ್ಟಿತ್ತೆಂಬುದು 1594ರಲ್ಲಿ ಕಾಣುತ್ತದೆ. ಇಮ್ಮಡಿ ಇಬ್ರಾಹಿಂ ಆದಿಲಶಹನ ತಮ್ಮ ಇಸ್ಮಾಯಿಲ್ ಸೆರೆಯಲ್ಲಿದ್ದ ಬೆಳಗಾವಿ ಕೋಟೆಯಲ್ಲೇ ಬಂಡಾಯ ಹೂಡಿದಾಗ, ಅವನ ಬೆನ್ನಿಗೆ ನಿಂತ ಮುಖ್ಯ ಸರದಾರ ಹುಕ್ಕೇರಿಯ ಜಹಗೀರದಾರ ಐನ್-ಉಲ್-ಮುಲ್ಕ್. ಬಂಡಾಯ ಸೋತಿತು, ಐನ್-ಉಲ್-ಮುಲ್ಕ್ ಕಾಳಗದಲ್ಲಿ ಸತ್ತ. ಆಗ ವಿಜಯಪುರದ ಆಸ್ಥಾನದಲ್ಲೇ ಇದ್ದ ಇತಿಹಾಸಕಾರ ಫಿರಿಸ್ತಾ ಈ ಪ್ರಸಂಗವನ್ನು ವಿಸ್ತಾರವಾಗಿ ಬರೆದಿದ್ದಾನೆ. ಒಂದು ಪ್ರಾಂತದ ಸರದಾರ ಸಿಂಹಾಸನವನ್ನೇ ಅಲುಗಿಸಲು ಹೊರಡಬೇಕಾದರೆ ಅವನ ಊರಿನಲ್ಲಿ ಹಣ, ಕುದುರೆ, ಕಾಳು ಕೂಡಿಬಿದ್ದಿರಲೇಬೇಕು.

ಆ ಸಿರಿಯ ಉಳಿಕೆಯೇ ಇಂದಿನ ಗುಮ್ಮಟಗಳು. ಒಳಗೆ ನಿಂತು ಮೂಲೆಗಳತ್ತ ಕತ್ತೆತ್ತಬೇಕು. ಕೆಳಗೆ ಕೋಣೆ ಚೌಕ, ಮೇಲೆ ಗುಮ್ಮಟ ಗುಂಡು. ಚೌಕದ ನಾಲ್ಕು ಮೂಲೆಗಳಿಗೆ ಅಡ್ಡವಾಗಿ ಕಮಾನು ಹಾಯಿಸಿ, ಅದನ್ನು ಎಂಟು ಮೂಲೆಯಾಗಿಸಿ, ಅದರ ಮೇಲೆ ಗುಂಡನ್ನು ಕೂಡ್ರಿಸುವುದು ಈ ಕಟ್ಟಡಶೈಲಿಯ ಮೂಲವಿದ್ಯೆ. ವಿಜಯಪುರದ ಗೋಳಗುಮ್ಮಟ 1656ರ ಹೊತ್ತಿಗೆ ಮುಟ್ಟಿದ ಅಳತೆ ಇಲ್ಲಿಲ್ಲ. ಆದರೆ ಅಂಥ ವಿದ್ಯೆ ರಾಜಧಾನಿಯ ಗೋಡೆ ದಾಟಿ ಪ್ರಾಂತದ ಗೌಂಡಿಗಳ ಕೈಗೂ ಇಳಿದಿತ್ತು ಎಂಬುದಕ್ಕೆ ಹುಕ್ಕೇರಿ ಪ್ರಮಾಣ.

ನನ್ನ ಮಟ್ಟಿಗೆ ಗುಮ್ಮಟಕ್ಕಿಂತ ದೊಡ್ಡ ಸಾಧನೆ ಊರೊಳಗಿನ ಕಾರಂಜಿಗಳು. 16ನೇ ಶತಮಾನದ ಈ ವ್ಯವಸ್ಥೆಯ ತತ್ವ ಸರಳ: ಊರಿಗಿಂತ ಎತ್ತರದ ಸೆಲೆಯ ನೀರನ್ನು ನೆಲದಡಿಯ ಮುಚ್ಚಿದ ಕೊಳವೆಯಲ್ಲಿ ತಂದರೆ ಅದು ತಗ್ಗಿನಲ್ಲಿ ತಾನಾಗಿಯೇ ಮೇಲೇಳುತ್ತದೆ. ಕಟ್ಟುವುದು ಮಾತ್ರ ಸರಳವಲ್ಲ. ಇಳಿಜಾರು ಹೆಚ್ಚಿದರೆ ಕೊಳವೆ ಒಡೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ವಿಜಯಪುರದಲ್ಲಿ ನೀರಿನ ಒತ್ತಡ ಇಳಿಸಲೆಂದೇ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ಅದೇ ಕಾಲದ, ಅದೇ ರಾಜ್ಯದ ಜ್ಞಾನ ಹುಕ್ಕೇರಿಗೂ ನೀರು ತಂದಿತು. ಇಲ್ಲಿಯ ಗುಲಾಬಿ ವಿಜಯಪುರದ ಅರಮನೆಗೆ ಹೋಗುತ್ತಿತ್ತು ಎಂದು ಊರಿನವರು ಹೇಳುತ್ತಾರೆ. ನೀರಿನ ಇಂಥ ಏರ್ಪಾಟು ಕಂಡ ಮೇಲೆ ಆ ಮಾತನ್ನು ತಳ್ಳಿಹಾಕಲು ಮನಸ್ಸಾಗುವುದಿಲ್ಲ.

ಗೋಕಾಕದ ಕಥೆ ಬೇರೆ. 1685ರ ಹೊತ್ತಿಗೆ ಅದು ಒಂದು ಸರ್ಕಾರದ, ಎಂದರೆ ಅಂದಿನ ಜಿಲ್ಲೆಯ, ಮುಖ್ಯ ಪಟ್ಟಣ. 1717ರಿಂದ 1754ರವರೆಗೆ ಸವಣೂರು ನವಾಬರ ಕೈಯಲ್ಲಿದ್ದಾಗ ಮಸೀದಿ ಮತ್ತು ಗಂಜಿಖಾನೆ ಎದ್ದವು. ಮುಂದೆ ಪಟವರ್ಧನರದಾಯಿತು, 1836ರಲ್ಲಿ ಗೋವಿಂದರಾವ್ ಪಟವರ್ಧನ ಮಕ್ಕಳಿಲ್ಲದೆ ತೀರಿಕೊಂಡಾಗ ಇಂಗ್ಲಿಷರ ಪಾಲಾಯಿತು. ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುತ್ತಾಳೆ. 1880ರ ದಶಕದಲ್ಲಿ ಆ ನೀರಿನ ಬಲವನ್ನೇ ನಂಬಿ ನೂಲಿನ ಗಿರಣಿ ಬಂತು. ತೂಗುಸೇತುವೆಯ ಮೇಲೆ ಚಿತ್ರ ತೆಗೆಸಿಕೊಳ್ಳುವವರು ದಂಡೆಯ ಮಹಾಲಿಂಗೇಶ್ವರ ಗುಡಿಯನ್ನೂ ನಿಂತು ನೋಡಬೇಕು. ಅದು ಕಲ್ಯಾಣ ಚಾಲುಕ್ಯ ಶೈಲಿಯದು, ಗಿರಣಿಗಿಂತ ಹಲವು ಶತಮಾನ ಹಳೆಯದು. ಹತ್ತಿರದ ಕೊಣ್ಣೂರು ಇನ್ನೂ ಹಿಂದಕ್ಕೆ ಒಯ್ಯುತ್ತದೆ: ಅಲ್ಲಿ 1087ರ ಜೈನ ಶಾಸನವಿದೆ, ಇತಿಹಾಸಪೂರ್ವ ಕಾಲದ ಕಲ್ಲುಗೋರಿಗಳೂ ಇವೆ.

ಮೂರನೆಯ ಊರು ಕಲ್ಲೋಳಿ, ಈಗ ಮೂಡಲಗಿ ತಾಲೂಕಿಗೆ ಸೇರಿದ್ದು. ಅಲ್ಲಿಯ ಶಾಸನ 1204ರದು. ರಟ್ಟರ ನಾಲ್ಕನೆಯ ಕಾರ್ತವೀರ್ಯ, ತಮ್ಮ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಿಂದ, ಅಂದರೆ ಬೆಳಗಾವಿಯಿಂದ, ಕೂಂಡಿ ಮೂರುಸಾವಿರ ನಾಡನ್ನು ಆಳುತ್ತಿದ್ದ ಕಾಲ. ರಾಜ ಎಂಬ ಮಾಂಡಲಿಕ ಇಲ್ಲಿ ಶಾಂತಿನಾಥ ಬಸದಿ ಕಟ್ಟಿಸಿದ, ದಾನ ಶುಭಚಂದ್ರ ಭಟ್ಟಾರಕರಿಗೆ ಸಂದಿತು. ಗಮನಿಸಬೇಕಾದದ್ದು ಇಲ್ಲಿದೆ: ಅದೇ 1204ರಲ್ಲಿ ಬೆಳಗಾವಿಯ ರಟ್ಟಜಿನಾಲಯಕ್ಕೆ ಕೊಟ್ಟ ದಾನದ ಶಾಸನಗಳಲ್ಲೂ ಶುಭಚಂದ್ರರ ಹೆಸರೇ ಬರುತ್ತದೆ. ರಾಜಧಾನಿಗೂ ಕಲ್ಲೋಳಿಗೂ ಒಂದೇ ಗುರು, ಒಂದೇ ವರ್ಷ. ರಾಜಧಾನಿಯಲ್ಲಿ ನಡೆದದ್ದೇ ಹಳ್ಳಿಯಲ್ಲೂ ನಡೆದಿತ್ತು; ಎರಡನ್ನೂ ಬೇರೆ ಬೇರೆ ಓದಿದರೆ ರಟ್ಟರ ಆಡಳಿತ ಅರ್ಧವೇ ಕಾಣುತ್ತದೆ. ಬೆಳಗಾವಿಯ ಆ ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಕಲ್ಲೋಳಿಯದನ್ನು 19ನೇ ಶತಮಾನದಲ್ಲೇ ಜೆ. ಎಫ್. ಫ್ಲೀಟ್ ಓದಿ ಪ್ರಕಟಿಸಿದರು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕಲ್ಲೋಳಿ ಶಾಸನದ ಪೂರ್ಣ ಪಾಠವನ್ನು, ಹೊಸಗನ್ನಡದ ಅರ್ಥದೊಡನೆ, ಆ ಊರಿನಲ್ಲೇ ಜನ ಓದುವಂತೆ ಹಾಕಿಸಬೇಕು. ಹುಕ್ಕೇರಿಯಲ್ಲಿ ಮುಂದಿನ ರಸ್ತೆಗೋ ಚರಂಡಿಗೋ ನೆಲ ಅಗೆಯುವ ಮೊದಲು ಕಾರಂಜಿ ಕೊಳವೆಗಳ ಜಾಡನ್ನು ಅಳೆದು ನಕ್ಷೆ ಮಾಡಬೇಕು. ಗುಮ್ಮಟ ಕಣ್ಣಿಗೆ ಬೀಳುತ್ತದೆ, ಕೆಟ್ಟರೆ ಯಾರಾದರೂ ಕೇಳುತ್ತಾರೆ. ನೆಲದಡಿಯ ಕೊಳವೆ ಒಮ್ಮೆ ಒಡೆದರೆ ಕೇಳುವವರಿಲ್ಲ. ಪುರಾತತ್ವ ಇಲಾಖೆಯೂ ಊರಿನವರೂ ಮೊದಲು ಗಮನ ಕೊಡಬೇಕಾದದ್ದು ಅದಕ್ಕೆ.